ಅಮೆರಿಕದ ಕಂಟ್ರಿ ಸಂಗೀತ ಜಪಾನಿನವರ ಕೈಯಲ್ಲಿ ಆಂಬಿಯೆಂಟ್ ಆದದ್ದು ಹೇಗೆ? ಎಲ್ಲಿಂದ ಕೇಳಲು ಶುರು ಮಾಡಲಿ?

ಆಂಬಿಯೆಂಟ್ ಅಂದರೆ ಕಿವಿಗೊಟ್ಟು ಕೇಳಲೇಬೇಕು ಅಂತಿಲ್ಲದ, ಹಿನ್ನೆಲೆಯಲ್ಲಿ ವಾತಾವರಣದಂತೆ ಹರಡಿರುವ ಸಂಗೀತ. ಬ್ಯಾಂಜೋ, ಸ್ಟೀಲ್ ಗಿಟಾರುಗಳ ಹಳ್ಳಿಗಾಡಿನ ಅಮೆರಿಕನ್ ಸಂಗೀತಕ್ಕೂ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರಿಗೂ, ಅದೂ ಜಪಾನಿನಲ್ಲಿ, ನಂಟು ಬೆಳೆದದ್ದು ಹೇಗೆ ಅಂತ ಕೇಳಿದ್ದೀರಿ. ಇದು ಬರೀ ಕಲಸುಮೇಲೋಗರ ಇರಬಹುದು ಅನ್ನುವ ಅನುಮಾನವೂ ನಿಮ್ಮ ಪ್ರಶ್ನೆಯಲ್ಲಿದೆ. ಅಲ್ಲ ಅಂತಲೇ ನನ್ನ ಉತ್ತರ. ಕೇಳುವುದಕ್ಕೆ ಒಂದೇ ಒಂದು ಹೆಸರು ಸಾಕು ಅನ್ನುವುದಾದರೆ ಜಪಾನಿ ತಂಡ ವರ್ಲ್ಡ್ ಸ್ಟ್ಯಾಂಡರ್ಡ್‌ನ ‘ಕಂಟ್ರಿ ಗೆಜೆಟ್’ ಆಲ್ಬಮ್, 1997. ಪುರುಸೊತ್ತಿದ್ದರೆ ಮುಂದೆ ಓದಿ.

ಈ ಕಥೆ ರೇಡಿಯೋದಿಂದ ಶುರುವಾಗುತ್ತದೆ. ಯುದ್ಧ ಸೋತ ಮೇಲೆ 1952ರ ತನಕ ಜಪಾನ್ ಅಮೆರಿಕನ್ ಸೇನೆಯ ಆಡಳಿತದಲ್ಲಿತ್ತು. ಆಡಳಿತ ಹೋದರೂ ಸೇನಾ ನೆಲೆಗಳು ಉಳಿದವು, ಅವುಗಳ ರೇಡಿಯೋ ಕೂಡ ಉಳಿಯಿತು. ಫಾರ್ ಈಸ್ಟ್ ನೆಟ್‌ವರ್ಕ್ ತನ್ನ ಸೈನಿಕರಿಗೆ ಊರಿನ ಹಾಡು ಕೇಳಿಸುತ್ತಿತ್ತು. ರೇಡಿಯೋ ಅಲೆಗೆ ಬೇಲಿ ಎಲ್ಲಿಯದು? ಅಕ್ಕಪಕ್ಕದ ಜಪಾನಿ ಮನೆಗಳೂ ಅದನ್ನೇ ಕೇಳಿದವು. 1950ರ ದಶಕದಲ್ಲಿ ಈ ನೆಲೆಗಳ ಕ್ಲಬ್ಬುಗಳಲ್ಲಿ ಕಂಟ್ರಿ ನುಡಿಸಿ ಹೊಟ್ಟೆ ಹೊರೆಯುವ ಜಪಾನಿ ತಂಡಗಳೇ ಇದ್ದವು.

ಈ ಕಥೆಯ ಮುಖ್ಯ ಸಂಗೀತಗಾರ ಹರುವೋಮಿ ಹೊಸೋನೋ ಹುಟ್ಟಿದ್ದು 1947ರಲ್ಲಿ, ಟೋಕಿಯೋದಲ್ಲಿ. ಅಮೆರಿಕದಲ್ಲಿ ಕಂಟ್ರಿ ಹಾಡೆಂದರೆ ಮೊದಲು ಮಾತು: ವಿಸ್ಕಿ, ಚರ್ಚು, ಲಾರಿ, ಬಿಟ್ಟುಹೋದ ಹೆಂಡತಿ. ಇಂಗ್ಲಿಷ್ ಬಾರದ ಹುಡುಗನಿಗೆ ಅದ್ಯಾವುದೂ ತಲುಪುವುದಿಲ್ಲ. ಅವನಿಗೆ ಸಿಗುವುದು ದನಿಯ ಬಣ್ಣ ಮಾತ್ರ, ಕಾಣದ ಊರೊಂದರ ಗಾಳಿ ಮಾತ್ರ. ಹಾಗೆ ನೋಡಿದರೆ ಆ ಹಾಡುಗಳು ಅವನ ಕಿವಿಗೆ ಆಗಲೇ ಅರ್ಧ ಆಂಬಿಯೆಂಟ್ ಆಗಿದ್ದವು. ಇದು ನನ್ನ ಓದು, ನೀವು ಒಪ್ಪಲೇಬೇಕು ಅಂತಿಲ್ಲ. ಆದರೆ ಒಂದು ಕುತೂಹಲದ ಸಂಗತಿ ನೋಡಿ. ‘ಆಂಬಿಯೆಂಟ್’ ಅನ್ನುವ ಹೆಸರನ್ನು ಬಳಕೆಗೆ ತಂದ ಬ್ರಯನ್ ಈನೋ ಬೆಳೆದದ್ದು ಇಂಗ್ಲೆಂಡಿನ ಸಫೋಕ್‌ನಲ್ಲಿ, ಅಮೆರಿಕನ್ ವಾಯುನೆಲೆಗಳ ಪಕ್ಕದಲ್ಲೇ. ಅವರೂ ಅಮೆರಿಕವನ್ನು ಮೊದಲು ಕಂಡದ್ದು ಕಿವಿಯಿಂದ. ಚಂದ್ರಯಾನದ ಸಾಕ್ಷ್ಯಚಿತ್ರಕ್ಕೆಂದು ಅವರು ಮಾಡಿದ ‘ಅಪೊಲೊ’ (1983) ಆಲ್ಬಮ್ಮಿನಲ್ಲಿ ಸಿಂಥ್ ನಡುವೆ ಡ್ಯಾನಿಯಲ್ ಲಾನ್ವಾ ಅವರ ಸ್ಟೀಲ್ ಗಿಟಾರ್ ತೇಲುತ್ತದೆ.

ಹೊಸೋನೋ ಮೊದಲು ಹೆಸರು ಮಾಡಿದ್ದು ‘ಹ್ಯಾಪಿ ಎಂಡ್’ ತಂಡದಲ್ಲಿ. ಜಪಾನಿ ಭಾಷೆಯಲ್ಲಿ ರಾಕ್ ಹಾಡಲು ಬರುವುದಿಲ್ಲ ಅಂತ ವಾದ ನಡೆಯುತ್ತಿದ್ದ ಕಾಲದಲ್ಲಿ ಇವರು ಹಾಡಿ ತೋರಿಸಿದರು. ಕೊನೆಯ ಆಲ್ಬಮ್ ಮಾಡಲು ಲಾಸ್ ಏಂಜಲೀಸಿಗೆ ಹೋದಾಗ ಅಲ್ಲಿ ಜೊತೆಯಾದದ್ದು ಅಮೆರಿಕನ್ ಸಂಗೀತಗಾರ ವ್ಯಾನ್ ಡೈಕ್ ಪಾರ್ಕ್ಸ್. ಈ ಹೆಸರು ನೆನಪಿಡಿ. ವಾಪಸ್ ಬಂದ ಹೊಸೋನೋ 1973ರಲ್ಲಿ ‘ಹೊಸೋನೋ ಹೌಸ್’ ಮಾಡಿದರು. ರೆಕಾರ್ಡಿಂಗ್ ನಡೆದದ್ದು ಸ್ಟುಡಿಯೋದಲ್ಲಲ್ಲ, ಸೈತಾಮಾ ಪ್ರಾಂತ್ಯದ ಸಯಾಮಾದಲ್ಲಿ ಅವರು ವಾಸವಿದ್ದ ಬಾಡಿಗೆ ಮನೆಯಲ್ಲಿ. ಅದು ಅಮೆರಿಕನ್ ಸೇನೆಯ ಕುಟುಂಬಗಳಿಗಾಗಿ ಕಟ್ಟಿದ್ದ ಮನೆಗಳಲ್ಲೊಂದು. ಅಂದರೆ ರೇಡಿಯೋದ ಅಮೆರಿಕದೊಳಗೇ ಬಾಡಿಗೆ ಕೊಟ್ಟು ಕೂತಂತೆ! ಆ ಆಲ್ಬಮ್ಮಿನಲ್ಲಿ ಹಿರೋಕಿ ಕೊಮಜಾವಾ ನುಡಿಸಿದ ಪೆಡಲ್ ಸ್ಟೀಲ್ ಇದೆ. ನನ್ನ ಪ್ರಕಾರ ಇಡೀ ನಂಟಿನ ಕೊಂಡಿ ಈ ವಾದ್ಯವೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೆಡಲ್ ಸ್ಟೀಲ್ ಮೇಜಿನಂತೆ ಕಾಲ ಮೇಲೆ ನಿಲ್ಲುವ ಗಿಟಾರು. ಸಾಮಾನ್ಯವಾಗಿ ಹತ್ತು ತಂತಿ. ವಾದಕ ಕುಳಿತು ಎಡಗೈಯಲ್ಲಿ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತಾನೆ, ಬಲಗೈಯಲ್ಲಿ ಮೀಟುತ್ತಾನೆ. ಎಡಗಾಲಿನಡಿಯ ಪೆಡಲುಗಳು, ಮೊಣಕಾಲಿಗೆ ತಾಗುವ ಸನ್ನೆಗಳು ಒಂದೊಂದು ತಂತಿಯ ಶ್ರುತಿಯನ್ನು ಏರಿಸುತ್ತವೆ, ಇಳಿಸುತ್ತವೆ. ಗುಟ್ಟಿರುವುದು ಬಲಗಾಲಿನ ವಾಲ್ಯೂಮ್ ಪೆಡಲಿನಲ್ಲಿ. ಮೀಟುವಾಗ ಅದನ್ನು ಮುಚ್ಚಿಟ್ಟು ಆಮೇಲೆ ಮೆಲ್ಲಗೆ ಒತ್ತಿದರೆ ಮೀಟಿದ ಸದ್ದೇ ಕೇಳುವುದಿಲ್ಲ. ಸ್ವರ ಎಲ್ಲಿಂದಲೋ ಉಬ್ಬಿ ಬಂದು ಹಾಗೇ ಕರಗುತ್ತದೆ. ಸಿಂಥಸೈಜರಿನಲ್ಲಿ ಮೆಲ್ಲಗೆ ಏರಿ ಉದ್ದಕ್ಕೆ ನಿಲ್ಲುವ ನಾದಕ್ಕೆ ‘ಪ್ಯಾಡ್’ ಅನ್ನುತ್ತಾರಲ್ಲ, ಅದೇ ಕೆಲಸ ಇದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಎಲ್ಲಿ ಮುಗಿಯಿತು ಅಂತ ಹೇಳುವುದು ಕಷ್ಟ. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ಸ್ಲೈಡ್ ಗಿಟಾರ್ ಕೇಳಿದ್ದರೆ ಆ ಜಾರು ನಿಮಗೆ ಹೊಸದಲ್ಲ. ಹವಾಯಿಯಿಂದ ಹೊರಟ ಸ್ಟೀಲ್ ಗಿಟಾರ್ ಭಾರತಕ್ಕೂ ಬಂತು, ಜಪಾನಿಗೂ ಹೋಯಿತು. ಇಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹಿಂದೂಸ್ತಾನಿ ರೀತಿ, ಕಲಿಯಿತು.

1978ರಲ್ಲಿ ಹೊಸೋನೋ ರ‍್ಯೂಯಿಚಿ ಸಕಮೋಟೊ, ಯುಕಿಹಿರೋ ತಕಹಾಶಿ ಜೊತೆ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಅನ್ನುವ ಎಲೆಕ್ಟ್ರಾನಿಕ್ ಪಾಪ್ ತಂಡ ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ ಭಾಗ. ಅದೇ ವರ್ಷ ಅವರು ಕಲಾವಿದ ತಡನೋರಿ ಯೊಕೂ ಜೊತೆ ಭಾರತಕ್ಕೆ ಬಂದು, ಕಾಯಿಲೆ ಬಿದ್ದು, ಹಿಂತಿರುಗಿ ‘ಕೊಚ್ಚಿನ್ ಮೂನ್’ ಅನ್ನುವ ವಿಚಿತ್ರ ಸಿಂಥ್ ಆಲ್ಬಮ್ ಮಾಡಿದರು. ಅದರಲ್ಲಿ ‘ಹೆಪಟೈಟಿಸ್’ ಅಂತಲೇ ಒಂದು ತುಣುಕಿದೆ. 1984ರ ‘ವಾಟರಿಂಗ್ ಎ ಫ್ಲವರ್’ ಮುಜಿ ಅನ್ನುವ ಜಪಾನಿ ಮನೆಬಳಕೆ ವಸ್ತುಗಳ ಅಂಗಡಿಗಳೊಳಗೆ ಹಾಕಲೆಂದು ಮಾಡಿದ ಸಂಗೀತ, ಅಪ್ಪಟ ಆಂಬಿಯೆಂಟ್. ಗಮನಿಸಿ, ಈ ಹೊತ್ತಿಗೂ ಹೊಸೋನೋ ಕೈಯಲ್ಲಿ ಕಂಟ್ರಿ ಒಂದು ಕಡೆ, ಎಲೆಕ್ಟ್ರಾನಿಕ್ ಒಂದು ಕಡೆ. ಎರಡೂ ಗೊತ್ತಿದ್ದ ಮನುಷ್ಯ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲೇ ಇಟ್ಟಿದ್ದರು.

ಬೆರೆಸಿದ್ದು ಕಿರಿಯರಾದ ಸೋಯಿಚಿರೋ ಸುಜುಕಿ. ಅವರ ತಂಡ ವರ್ಲ್ಡ್ ಸ್ಟ್ಯಾಂಡರ್ಡ್ 1985ರಲ್ಲಿ ಹೊಸೋನೋ ಅವರದೇ ಲೇಬಲ್ಲಿನಿಂದ ಹೊರಬಂತು. 90ರ ದಶಕದ ಕೊನೆಗೆ ಸುಜುಕಿ ‘ಡಿಸ್ಕವರ್ ಅಮೆರಿಕ’ ಅಂತ ಮೂರು ಆಲ್ಬಮ್ಮುಗಳ ಸರಣಿ ಶುರು ಮಾಡಿದರು. ‘ಕಂಟ್ರಿ ಗೆಜೆಟ್’ ಅದರ ಮೊದಲನೆಯದು, ‘ಮೌಂಟನ್ ಬ್ಯಾಲಡ್’, ‘ಜಂಪ್ ಫಾರ್ ಜಾಯ್’ ಉಳಿದೆರಡು. ವ್ಯಾನ್ ಡೈಕ್ ಪಾರ್ಕ್ಸ್ 1972ರಲ್ಲಿ ತಂದ ಆಲ್ಬಮ್ಮಿನ ಹೆಸರೂ ‘ಡಿಸ್ಕವರ್ ಅಮೆರಿಕ’ವೇ. ಸುಜುಕಿಯವರಲ್ಲಿ ಹಳ್ಳಿ ವಾದ್ಯಗಳು ಕುಣಿಸಲು ಬರುವುದಿಲ್ಲ, ಸುಮ್ಮನೆ ಇರಲು ಬರುತ್ತವೆ. ತಂತಿವಾದ್ಯ ಎರಡು ಸ್ವರ ನುಡಿದು ನಿಲ್ಲುತ್ತದೆ, ಸದ್ದಿಲ್ಲದ ಆ ಜಾಗವನ್ನು ಎಲೆಕ್ಟ್ರಾನಿಕ್ ನಾದ ಹಿಡಿದುಕೊಳ್ಳುತ್ತದೆ. ಕೆಲವು ಕಡೆ ತೀರಾ ಮುದ್ದುಮುದ್ದಾಗಿ ನನಗೆ ಬೇಸರ ಬರುವುದೂ ಉಂಟು.

ಇಷ್ಟವಾದರೆ ಮುಂದಿನದು ಹೊಸೋನೋ 2019ರಲ್ಲಿ ತಂದ ‘ಹೊಚೋನೋ ಹೌಸ್’. 1973ರ ಅದೇ ಹಾಡುಗಳನ್ನು ಎಪ್ಪತ್ತು ದಾಟಿದ ಮೇಲೆ ಒಬ್ಬರೇ ಕೂತು ಎಲೆಕ್ಟ್ರಾನಿಕ್ ಆಗಿ ಮತ್ತೆ ಕಟ್ಟಿದ್ದಾರೆ, ಹಾಡುಗಳ ಕ್ರಮ ತಿರುವುಮುರುವು. ಮೊದಲು ಹಳೆಯದನ್ನು ಪೂರ್ತಿ ಕೇಳಿ ಆಮೇಲೆ ಇದಕ್ಕೆ ಬನ್ನಿ, ಇಲ್ಲದಿದ್ದರೆ ಅರ್ಧ ಮಜಾ ಹೋಗುತ್ತದೆ. 2007ರ ‘ಫ್ಲೈಯಿಂಗ್ ಸಾಸರ್ 1947’ ಅನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಒಳ್ಳೆಯ ಕಂಟ್ರಿ ಆಲ್ಬಮ್, ಅನುಮಾನವಿಲ್ಲ, ಆದರೆ ನೀವು ಹುಡುಕುತ್ತಿರುವ ಮಿಶ್ರಣ ಅದಲ್ಲ. ಇನ್ನೊಂದು ಮಾತು: ಇದ್ಯಾವುದನ್ನೂ ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಆ ಉಬ್ಬಿ ಬರುವ ಸ್ವರದ ಶುರುವೇ ಅದರಲ್ಲಿ ಕೇಳಿಸುವುದಿಲ್ಲ.