ಹೆಕಲ್ ಮಾಡೋದು ಅಂದ್ರೆ ನಾರು ಬಾಚೋದಾ?

“ಭಾಷಣದ ನಡುವೆ ಕೂಗಾಡಿ ತೊಂದರೆ ಕೊಡೋದಕ್ಕೆ ಇಂಗ್ಲಿಷಿನಲ್ಲಿ ಹೆಕಲ್ ಮಾಡೋದು ಅಂತಾರೆ. ನಿಘಂಟು ತೆಗೆದರೆ ನಾರು ಬಾಚೋದು ಅಂತಲೂ ಇದೆ. ಅಚ್ಚಿನ ತಪ್ಪಾ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?”
— ಧಾರವಾಡದ ಓದುಗರೊಬ್ಬರು

ಅಚ್ಚಿನ ತಪ್ಪಲ್ಲ ಸರ್. ನಾರು ಬಾಚುವುದೇ ಮೊದಲಿನ ಅರ್ಥ. ಕೂಗಾಟ ಆಮೇಲೆ ಸೇರಿಕೊಂಡಿದ್ದು.

ನಿಮ್ಮ ಕಡೆ ಅಗಸಿ ಚಟ್ನಿ ಮಾಡ್ತಾರಲ್ಲ, ಅದೇ ಗಿಡದ ಕಾಂಡದಿಂದಲೇ ಲಿನನ್ ಬಟ್ಟೆಯ ನಾರು ಬರುವುದು. ನಮ್ಮಲ್ಲಿ ಬೀಜಕ್ಕೆ ಬೆಳೀತಾರೆ, ಯುರೋಪಿನಲ್ಲಿ ನಾರಿಗೆಂದೇ ಕವಲು ಕಡಿಮೆ ಇರುವ ಎತ್ತರದ ತಳಿ ಇದೆ. ಕಾಂಡವನ್ನು ನೀರಲ್ಲಿ ಕೊಳೆಹಾಕಿ, ಒಣಗಿಸಿ, ಬಡಿದು ಕಡ್ಡಿಚೂರು ಉದುರಿಸಿದ ಮೇಲೂ ನಾರು ಸಿಕ್ಕುಸಿಕ್ಕಾಗಿಯೇ ಇರುತ್ತದೆ. ಆಗ ಬೇಕಾಗುವ ಬಾಚಣಿಗೆಯೇ ಹೆಕಲ್. ಒಂದು ಮರದ ಹಲಗೆ, ಅದರ ಮೇಲೆ ಸಾಲಾಗಿ ನೆಟ್ಟ ಚೂಪಾದ ಕಬ್ಬಿಣದ ಮುಳ್ಳುಗಳು. ಒಂದು ಹಿಡಿ ನಾರನ್ನು ಮುಳ್ಳಿನ ಮೇಲೆ ಬೀಸಿ ಎಳೆಯಬೇಕು. ಮೊದಲು ತುದಿ, ಆಮೇಲೆ ಸ್ವಲ್ಪಸ್ವಲ್ಪವೇ ಒಳಗೆ. ಅವಸರಪಟ್ಟು ನಡುವಿಗೇ ಕೈ ಹಾಕಿದರೆ ನಾರು ಹರಿಯುತ್ತದೆ. ಬಿಡಿಬಿಡಿ ಮುಳ್ಳಿನ ಹಲಗೆ ಮುಗಿದ ಮೇಲೆ ಒತ್ತೊತ್ತಾದ ಮುಳ್ಳಿನದು. ಕೊನೆಗೆ ಕೈಯಲ್ಲಿ ಉಳಿಯುವ ಉದ್ದನೆ ಎಳೆ ಒಳ್ಳೆ ಬಟ್ಟೆಗೆ, ಮುಳ್ಳಲ್ಲಿ ಸಿಕ್ಕಿಕೊಂಡ ತುಂಡು ನಾರು ಹಗ್ಗಕ್ಕೋ ಗೋಣಿಗೋ.

ಕವಿ ರಾಬರ್ಟ್ ಬರ್ನ್ಸ್ ಕೂಡ 1781ರಲ್ಲಿ ಸ್ಕಾಟ್ಲೆಂಡಿನ ಅರ್ವಿನ್ ಪಟ್ಟಣದಲ್ಲಿ ಈ ಕಸುಬು ಕಲಿಯಲು ಹೋಗಿದ್ದ. ಹೊಸ ವರ್ಷದ ಗದ್ದಲದಲ್ಲಿ ಅಂಗಡಿಗೆ ಬೆಂಕಿ ಬಿತ್ತು. ಸಾಹಿತ್ಯಕ್ಕೆ ಒಳ್ಳೆಯದೇ ಆಯ್ತು ಬಿಡಿ.

ಅದೇ ದೇಶದ ಡಂಡೀ ಊರಿನ ನಾರು ಬಾಚುವವರು ಇನ್ನೂ ಖಾರದ ಜನ. ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದನಂತೆ, ಉಳಿದವರು ಕೈಕೆಲಸ ಬಿಡದೆ ನಡುನಡುವೆ ವಾದಕ್ಕಿಳಿಯುತ್ತಿದ್ದರಂತೆ. ಪದದ ಈಗಿನ ಅರ್ಥ ಅಲ್ಲಿಂದಲೇ ಬಂತು ಅಂತ ಹೇಳುವವರಿದ್ದಾರೆ. ಕೇಳೋಕೆ ಚೆಂದ, ಆದರೆ ನನಗೆ ಅಷ್ಟು ದೂರ ಹೋಗಬೇಕು ಅನ್ನಿಸುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಪಾರ್ಲಿಮೆಂಟಿಗೆ ನಿಂತ ಅಭ್ಯರ್ಥಿಯನ್ನು ಜನ ತುಂಬಿದ ಸಭೆಯಲ್ಲಿ ನಿಲ್ಲಿಸಿಕೊಂಡು, ಅದಕ್ಕೇನಂತೀರಿ, ಇದಕ್ಕೇನಂತೀರಿ ಅಂತ ಬೆವರಿಳಿಸುವುದಕ್ಕೆ ಹೆಕಲ್ ಮಾಡುವುದು ಅನ್ನುತ್ತಿದ್ದರು. ಮುಳ್ಳಿಗೆ ಹಾಕಿ ಎಳೆದಾಗ ಗಟ್ಟಿ ಯಾವುದು, ಪುಡಿ ಯಾವುದು ಅಂತ ಗೊತ್ತಾಗುತ್ತದಲ್ಲ, ಹೋಲಿಕೆ ಅಲ್ಲೇ ಇದೆ. ಅಲ್ಲಿ ಪ್ರಶ್ನೆ ಕೇಳುವವನಿಗೆ ಉತ್ತರ ಬೇಕಿತ್ತು. ಕಾಮಿಡಿ ಕ್ಲಬ್ಬಿನಲ್ಲಿ ಎರಡು ಪೆಗ್ ಹಾಕಿ ಹಿಂದಿನ ಸಾಲಿನಿಂದ ಅರಚುವವನಿಗೆ ಉತ್ತರ ಯಾಕೆ ಬೇಕು? ಆದರೂ ಇಬ್ಬರಿಗೂ ಈಗ ಒಂದೇ ಹೆಸರು.

ಹಾಗಾಗಿ ಕನ್ನಡದಲ್ಲಿ ಒಂದೇ ಪದ ಹುಡುಕಬೇಡಿ. ಸುಮ್ನೆ ಗಲಾಟೆ ಮಾಡುವವರಾದರೆ ‘ಅಡ್ಡಬಾಯಿ ಹಾಕಿದರು’ ಅಂದರೆ ಸಾಕು. ಚುನಾವಣಾ ಸಭೆಯಲ್ಲಿ ಪಟ್ಟು ಬಿಡದೆ ಪ್ರಶ್ನೆ ಕೇಳಿದವರಿಗೆ ಅದು ಸಲ್ಲದು. ಅವರು ಅಭ್ಯರ್ಥಿಯನ್ನು ‘ಜಾಲಾಡಿಸಿದರು’ ಅಂತ ಬರೀತೀನಿ ನಾನು. ಬಟ್ಟೆ ಜಾಲಾಡಿಸುತ್ತೀವಲ್ಲ, ಅದೇ. ‘ಸಭೆಗೆ ಅಡ್ಡಿಪಡಿಸಿದರು’ ಅಂತ ವರದಿ ಬಂದಾಗಲೆಲ್ಲ ಏನು ಕೇಳಿದ್ದರು ಅಂತ ವರದಿಗಾರರಿಗೆ ಫೋನ್ ಮಾಡುತ್ತೇನೆ. ಪ್ರಶ್ನೆ ಸಿಕ್ಕರೆ ವಾಕ್ಯ ಬದಲಾಗುತ್ತದೆ.