ತೀರ್ಪು ಬದಲಾದ ಆಟದ ವರದಿಯಲ್ಲಿ ಜೋಡಿಯ ಹೆಸರು ಹಾಕಬೇಕೇ, ಬೇಡವೇ?

ನಿಮ್ಮ ವಲಯದ ಬ್ರಿಜ್ (ನಾಲ್ವರು ಎರಡು ಜೋಡಿಗಳಾಗಿ ಆಡುವ ಇಸ್ಪೀಟಾಟ) ಸಂಘದ ಮಾಸಿಕ ವಾರ್ತಾಪತ್ರದ ಹೊಣೆಯನ್ನು ಈಗಷ್ಟೇ ವಹಿಸಿಕೊಂಡಿರುವ ನೀವು, ಒಬ್ಬ ಆಟಗಾರ ಯೋಚಿಸುತ್ತ ತಡೆದು ಪಾಸ್ ಮಾಡಿದ (ಏನೂ ಕೂಗದೆ ಸರದಿ ಬಿಟ್ಟ) ಕಾರಣಕ್ಕೆ ಆ ಜೋಡಿಯ ಫಲಿತಾಂಶವನ್ನು ಡೈರೆಕ್ಟರ್ (ಸ್ಪರ್ಧೆಯ ತೀರ್ಪುಗಾರರು) ಬದಲಿಸಿದ ಸುದ್ದಿಯನ್ನು ಹೆಸರು ಸಹಿತ ಪ್ರಕಟಿಸಬೇಕೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಕುರ್ಚಿಯಲ್ಲಿ ಕುಳಿತಿದ್ದೆ, ನನ್ನ ಮುಂದೆಯೂ ಇಂಥದೇ ಸುದ್ದಿ ಇತ್ತು, ನಾನು ಹೆಸರು ಸಹಿತ ಪ್ರಕಟಿಸಿದೆ.

ಅದು ಎರಡು ದಿನಗಳ ಜೋಡಿ ಸ್ಪರ್ಧೆ. ಹದಿನೈದು ಮೇಜುಗಳು ತುಂಬಿದ್ದವು, ನಮ್ಮಂಥ ಸಣ್ಣ ವಲಯಕ್ಕೆ ಅದು ದೊಡ್ಡ ಸಂಖ್ಯೆ. ಮೊದಲ ದಿನದ ಕೊನೆಯ ಸುತ್ತಿನಲ್ಲಿ ಉತ್ತರಕ್ಕೆ ಕುಳಿತಿದ್ದ ಹಿರಿಯರು ಒಂದು ಹಾರ್ಟ್‌ನಿಂದ ಬಿಡ್ಡಿಂಗ್ (ಯಾವ ಬಣ್ಣ ತುರುಪಾಗಿ ಎಷ್ಟು ಟ್ರಿಕ್, ಅಂದರೆ ಪಟ್ಟು, ಗೆಲ್ಲುತ್ತೇವೆ ಎಂದು ಸರದಿಯಂತೆ ಕೂಗುವುದು) ಆರಂಭಿಸಿದರು. ಪೂರ್ವದವರು ಒಂದು ಸ್ಪೇಡ್ ಎಂದರು, ದಕ್ಷಿಣಕ್ಕೆ ಕುಳಿತಿದ್ದ ಹಿರಿಯರ ಪತ್ನಿ ಎರಡು ಹಾರ್ಟ್ ಎಂದರು, ಪಶ್ಚಿಮದವರು ನೇರವಾಗಿ ನಾಲ್ಕು ಸ್ಪೇಡ್‌ಗೆ ಜಿಗಿದರು. ಉತ್ತರದವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಪಾಸ್ ಮಾಡಿದರು. ಪೂರ್ವದವರೂ ಪಾಸ್. ಆಗ ದಕ್ಷಿಣದವರು ಐದು ಹಾರ್ಟ್ ಬಿಡ್ ಮಾಡಿದರು. ಎದುರಾಳಿಗಳು ಡಬಲ್ ಮಾಡಿದರು (ಸೋತರೆ ದಂಡ ಹೆಚ್ಚಾಗುವಂತೆ), ಕೂಗಿದ್ದಕ್ಕಿಂತ ಒಂದು ಟ್ರಿಕ್ ಕಡಿಮೆಯಾಯಿತು. ಉತ್ತರ-ದಕ್ಷಿಣ ಜೋಡಿ ವಲ್ನರಬಲ್ (ದಂಡವೂ ಬಹುಮಾನವೂ ಹೆಚ್ಚಿರುವ ಸ್ಥಿತಿ) ಆಗಿರಲಿಲ್ಲವಾದ್ದರಿಂದ ಅವರು ಕಳೆದುಕೊಂಡದ್ದು 100 ಅಂಕ ಮಾತ್ರ. ವಲ್ನರಬಲ್ ಆಗಿದ್ದ ಎದುರಾಳಿಗಳು ನಾಲ್ಕು ಸ್ಪೇಡ್ ಆಡಿದ್ದರೆ ಅದು ನಿರಾಯಾಸವಾಗಿ ಆಗುತ್ತಿತ್ತು, ಅವರಿಗೆ 620 ಸಿಗುತ್ತಿತ್ತು.

ಪೂರ್ವದವರು ಡೈರೆಕ್ಟರನ್ನು ಕರೆದರು. ಉತ್ತರದವರು ತಡೆದು ಪಾಸ್ ಮಾಡಿದ್ದರಿಂದ ಅವರ ಕೈಯಲ್ಲಿ ಇನ್ನೂ ಏನೋ ಇದೆ ಎಂಬುದು ದಕ್ಷಿಣದವರಿಗೆ ತಿಳಿಯಿತು, ಅದಕ್ಕಾಗಿಯೇ ಅವರು ಐದಕ್ಕೆ ಹೋದರು ಎಂಬುದು ದೂರು. ಡೈರೆಕ್ಟರ್ ನಾಲ್ವರ ಕೈಗಳನ್ನು (ಅವರಿಗೆ ಬಂದ ಎಲೆಗಳನ್ನು) ನೋಡಿ, ವಿಚಾರಿಸಿ, ಫಲಿತಾಂಶವನ್ನು ನಾಲ್ಕು ಸ್ಪೇಡ್‌ಗೆ ಬದಲಿಸಿದರು. ಹದಿನೈದು ಮೇಜುಗಳಲ್ಲಿ ಆಡಿದ ಬೋರ್ಡ್‌ಗೆ (ಎಲ್ಲ ಮೇಜುಗಳಲ್ಲೂ ಆಡುವ ಒಂದೇ ಹಂಚಿಕೆಯ ಎಲೆಗಳಿಗೆ) ಗರಿಷ್ಠ 28 ಅಂಕ. ಪ್ರತಿ ಜೋಡಿಯೂ ಉಳಿದ ಹದಿನಾಲ್ಕು ಜೋಡಿಗಳೊಂದಿಗೆ ಹೋಲಿಸಲ್ಪಟ್ಟು, ಸೋಲಿಸಿದ ಒಂದೊಂದು ಜೋಡಿಗೆ ಎರಡು, ಸಮಕ್ಕೆ ಒಂದು ಎಂಬ ಲೆಕ್ಕ. ಆ ಒಂದೇ ಬೋರ್ಡ್‌ನಲ್ಲಿ ಅವರು ಮೇಲಿನಿಂದ ಕೆಳಕ್ಕೆ ಬಿದ್ದರು, ಪಟ್ಟಿಯಲ್ಲಿ ಮೊದಲ ಸ್ಥಾನದಿಂದ ಮೂರನೆಯದಕ್ಕೆ ಇಳಿದರು.

ಹೊರಗೆ ಬರುವಾಗ ಪೂರ್ವದವರು ನನಗೆ ಇದನ್ನೆಲ್ಲ ಹೇಳಿದರು. ಅವರು ಸುಳ್ಳು ಹೇಳಲಿಲ್ಲ, ತಮಗೆ ಕಂಡದ್ದನ್ನೇ ಹೇಳಿದರು. ನಾನು ಅದೇ ರಾತ್ರಿ ಕುಳಿತು ಬರೆದು, ಎಲ್ಲ ಸದಸ್ಯರಿಗೂ ಕಳುಹಿಸಿಬಿಟ್ಟೆ. ಆ ವರದಿಗೆ ನಾನು ಕೊಟ್ಟ ಶೀರ್ಷಿಕೆ: "ಮೌನದ ಸನ್ನೆ, ಐದು ಹಾರ್ಟ್".

ಮರುದಿನ ಬೆಳಿಗ್ಗೆ ಮೇಲ್ಮನವಿ ಸಮಿತಿ ಕುಳಿತಿತು. ಪಶ್ಚಿಮದವರನ್ನು ಕೇಳಿದಾಗ ಅವರು ಪ್ರಾಮಾಣಿಕವಾಗಿ ಹೇಳಿದರು: ನಾಲ್ಕು ಸ್ಪೇಡ್‌ಗೆ ಜಿಗಿಯುವಾಗ ತಾವು ಸ್ಟಾಪ್ ಕಾರ್ಡ್ ಇಟ್ಟಿದ್ದೆವು, ಆದರೆ ಎರಡು-ಮೂರು ಸೆಕೆಂಡಿನಲ್ಲೇ ಅದನ್ನು ವಾಪಸ್ ತೆಗೆದುಕೊಂಡೆವು. ನಮ್ಮ ಸಂಘದ ನಿಯಮದ ಪ್ರಕಾರ ಯಾರಾದರೂ ಮಟ್ಟ ಬಿಟ್ಟು ಜಿಗಿದು ಸ್ಟಾಪ್ ಕಾರ್ಡ್ ಇಟ್ಟರೆ, ಮುಂದಿನ ಆಟಗಾರ ಯೋಚಿಸಲು ಏನೂ ಇಲ್ಲದಿದ್ದರೂ ಸುಮಾರು ಹತ್ತು ಸೆಕೆಂಡು ಕಾಯಲೇಬೇಕು. ಯಾರು ತಡೆದರು, ಯಾರು ತಡೆಯಲಿಲ್ಲ ಎಂಬುದರಿಂದ ಜೊತೆಗಾರರಿಗೆ ಏನೂ ತಿಳಿಯಬಾರದು ಎಂದೇ ಆ ನಿಯಮ ಇರುವುದು. ಉತ್ತರದವರು ಹತ್ತು ಸೆಕೆಂಡು ಎಣಿಸಿಕೊಂಡು ಪಾಸ್ ಮಾಡಿದ್ದರು, ಅಷ್ಟೇ. ಕಾರ್ಡ್ ಬೇಗ ಮರೆಯಾದ್ದರಿಂದ ಅವರ ಕಾಯುವಿಕೆ ಪೂರ್ವದವರ ಕಣ್ಣಿಗೆ ತಡೆಯಾಗಿ ಕಂಡಿತ್ತು. ಸಮಿತಿ ಮೇಜಿನ ಫಲಿತಾಂಶವನ್ನೇ ಉಳಿಸಿತು. ಆ ಜೋಡಿ ಮತ್ತೆ ಮೊದಲ ಸ್ಥಾನಕ್ಕೆ ಬಂತು, ಸಂಜೆ ಸ್ಪರ್ಧೆಯನ್ನೂ ಗೆದ್ದಿತು. ಆದರೆ ಆ ಹೊತ್ತಿಗೆ ಎಲ್ಲರೂ ನನ್ನ ವರದಿಯನ್ನು ಓದಿದ್ದರು.

ನನ್ನ ತಪ್ಪು ಯಾವುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯನ್ನು ಓದಿದರೆ ನೀವೂ ಅದನ್ನೇ ಮಾಡುವ ದಾರಿಯಲ್ಲಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ಹೆಸರು ಹಾಕಿದ್ದು ನನ್ನ ತಪ್ಪಲ್ಲ. ಅವಸರವೂ ಮೂಲ ತಪ್ಪಲ್ಲ, ಅದು ಎರಡನೆಯದು. ಇಂಥ ಸ್ಪರ್ಧೆಗಳ, ಅಂದರೆ ಡ್ಯೂಪ್ಲಿಕೇಟ್ ಬ್ರಿಜ್‌ನ, 2017ರ ಕಾನೂನುಗಳ ಪ್ರಕಾರ, ಸಂಘಟಕರು ಬೇರೆ ಅವಧಿ ಗೊತ್ತುಪಡಿಸದಿದ್ದರೆ, ಅಧಿಕೃತ ಅಂಕಪಟ್ಟಿ ಪ್ರಕಟವಾದ ಮೇಲೆ 30 ನಿಮಿಷಗಳವರೆಗೆ ಡೈರೆಕ್ಟರ್ ತೀರ್ಪಿನ ಮೇಲೆ ಮೇಲ್ಮನವಿ ಹೋಗಬಹುದು. ಆ ಜೋಡಿ ಅಷ್ಟರೊಳಗೆ ಮನವಿ ಕೊಟ್ಟಿತ್ತು. ಒಂದು ಮಾತು ಕೇಳಿದ್ದರೆ ನನಗದು ತಿಳಿಯುತ್ತಿತ್ತು, ನಾನು ಕೇಳಲಿಲ್ಲ. ಅದನ್ನು ಕ್ಷಮಿಸಬಹುದಿತ್ತು ಎಂದು ಈಗಲೂ ನಂಬುತ್ತೇನೆ. ಕ್ಷಮಿಸಲಾಗದ್ದು "ಸನ್ನೆ" ಎಂಬ ಆ ಪದ.

ಕಾನೂನು 16 ಹೇಳುವುದು ಬಹಳ ಸೀಮಿತವಾದ ಮಾತು. ಜೊತೆಗಾರರ ತಡೆ, ಮಾತಿನ ಧಾಟಿ, ಮುಖಭಾವ ಇವುಗಳಿಂದ ಬಂದ ಮಾಹಿತಿ ಅನಧಿಕೃತ. ಆ ಮಾಹಿತಿ ಸ್ಪಷ್ಟವಾಗಿ ಬೊಟ್ಟುಮಾಡುವ ಬಿಡ್ಡನ್ನು, ಬೇರೆ ಸಮಂಜಸ ಆಯ್ಕೆ ಇರುವಾಗ, ಆರಿಸಿಕೊಳ್ಳುವಂತಿಲ್ಲ. ಆರಿಸಿಕೊಂಡು ಎದುರಾಳಿಗೆ ನಷ್ಟವಾದರೆ ಡೈರೆಕ್ಟರ್ ಅಂಕವನ್ನು ಸರಿಪಡಿಸುತ್ತಾರೆ. ಇದರಲ್ಲಿ ಉದ್ದೇಶದ ಪ್ರಶ್ನೆಯೇ ಇಲ್ಲ. ಯೋಚಿಸುವುದು ಅಪರಾಧವಲ್ಲ, ಬ್ರಿಜ್ ಯೋಚಿಸುವವರ ಆಟ. ಯೋಚಿಸಿದವರ ಜೊತೆಗಾರರಿಗೆ ಒಂದು ಕಟ್ಟುಪಾಡು ಬರುತ್ತದೆ, ಅದನ್ನು ಅವರು ಪಾಲಿಸಿದರೇ ಇಲ್ಲವೇ ಎಂಬುದರ ಬಗ್ಗೆ ಸಜ್ಜನರಲ್ಲೂ ಭಿನ್ನಾಭಿಪ್ರಾಯ ಬರುತ್ತದೆ, ಆಗ ಡೈರೆಕ್ಟರ್ ತೀರ್ಮಾನಿಸುತ್ತಾರೆ. ಇಂಥ ತೀರ್ಪಿನಿಂದ ಯಾರ ನಡತೆಯ ಮೇಲೂ ಕಲೆ ಬೀಳುವುದಿಲ್ಲ.

ಸನ್ನೆ ಎಂಬುದು ಹಾಗಲ್ಲ. ಕನ್ನಡದಲ್ಲಿ ಸನ್ನೆ ತಾನಾಗಿ ಆಗುವುದಿಲ್ಲ, ಅದನ್ನು ಮಾಡಬೇಕು. ಒಬ್ಬರು ಮಾಡುತ್ತಾರೆ, ಇನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಾರೆ, ಇಬ್ಬರ ನಡುವೆ ಮೊದಲೇ ಒಪ್ಪಂದ ಇರುತ್ತದೆ. ಇಸ್ಪೀಟಿನ ಮೇಜಿನಲ್ಲಿ ಸನ್ನೆ ಎಂದರೆ ಮೋಸ ಎಂದೇ ಅರ್ಥ. ನಾನು ಅದನ್ನು ಬರೆಯುವಾಗ ಚೆಂದದ ಶೀರ್ಷಿಕೆ ಎಂದಷ್ಟೇ ಅಂದುಕೊಂಡಿದ್ದೆ. ಓದಿದವರು ನಲವತ್ತು ವರ್ಷ ಜೊತೆಯಾಗಿ ಆಡಿದ ದಂಪತಿ ಕಳ್ಳಾಟ ಆಡಿದರು ಎಂದು ಓದಿಕೊಂಡರು. ಸಮಿತಿ ಮೂಲ ತೀರ್ಪನ್ನೇ ಎತ್ತಿಹಿಡಿದಿದ್ದರೂ ಆ ಪದ ಅಷ್ಟೇ ಸುಳ್ಳಾಗಿರುತ್ತಿತ್ತು. ಇದು ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು, ಏಕೆಂದರೆ ಮೊದಮೊದಲು ನಾನು "ತೀರ್ಪು ಬದಲಾಯಿತಲ್ಲ, ಅದರಿಂದ ಹೀಗಾಯಿತು" ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯವನ್ನು ನಾನು ಬರೆಯಲೇ ಇಲ್ಲ. ದಕ್ಷಿಣದವರ ಕೈಯಲ್ಲಿ ಒಂದೇ ಸ್ಪೇಡ್, ನಾಲ್ಕು ಹಾರ್ಟ್, ಐದು ಡೈಮಂಡ್, ಮೂರು ಕ್ಲಬ್ ಇದ್ದವು. ವಲ್ನರಬಲ್ ಆಗಿರುವ ಎದುರಾಳಿಗಳ 620ರ ಎದುರು, ಡಬಲ್ ಆಗಿ ಮೂರು ಟ್ರಿಕ್ ಕಡಿಮೆಯಾದರೂ ಹೋಗುವುದು 500 ಮಾತ್ರ. ಜೊತೆಗಾರರು ತಡೆಯದೆ ಪಾಸ್ ಮಾಡಿದ್ದರೂ ಅನೇಕರು ಆ ಕೈಯಿಂದ ಐದು ಹಾರ್ಟ್ ಹೇಳುತ್ತಿದ್ದರು. ಕೈಯನ್ನು ಮುದ್ರಿಸಿದ್ದರೆ ಓದುಗರೇ ಇದನ್ನು ಕಾಣುತ್ತಿದ್ದರು. ಬೋರ್ಡ್‌ಗಳ ಪ್ರತಿ ನನ್ನ ಬಳಿಯೇ ಇತ್ತು. ನಾನು ಜಗಳವನ್ನು ಬರೆದೆ, ಆಟವನ್ನು ಬರೆಯಲಿಲ್ಲ.

ಮುಂದಿನ ಸಂಚಿಕೆಯ ಕೊನೆಯ ಪುಟದ ಕೆಳಗೆ ಎರಡು ಸಾಲಿನ ತಿದ್ದುಪಡಿ ಹಾಕಿದೆ. ಆ ದಂಪತಿ ಮತ್ತೆ ಬರಲಿಲ್ಲ. ನನಗೆ ಬಿಡ್ಡಿಂಗ್‌ನ ಮೊದಲ ಪಾಠ ಹೇಳಿಕೊಟ್ಟವರು ಆ ಹಿರಿಯರು. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ನನ್ನನ್ನು ಗೌರವದಿಂದಲೇ ಕೂರಿಸಿ, "ನೀನು ನನ್ನನ್ನು ಒಂದು ಮಾತು ಕೇಳಬಹುದಿತ್ತು" ಎಂದಷ್ಟೇ ಹೇಳಿದರು. ಅವರ ಪತ್ನಿ ಮಾತನಾಡಲಿಲ್ಲ. ಅವರ ಜೊತೆ ಆಡುತ್ತಿದ್ದ ಇನ್ನೂ ಮೂರು ಜೋಡಿಗಳು ಒಂದೊಂದಾಗಿ ಬಿಟ್ಟವು. ವಾರದ ಆಟಕ್ಕೆ ಒಂಬತ್ತು ಮೇಜು ಬರುತ್ತಿದ್ದದ್ದು ಏಳಾಯಿತು. ದೊಡ್ಡ ಊರುಗಳ ಕ್ಲಬ್‌ಗಳಿಗೆ ಎರಡು ಮೇಜು ಲೆಕ್ಕವಲ್ಲ. ನಮಗೆ ಅದು ಪ್ರತಿವಾರ ಕಣ್ಣಿಗೆ ಕಾಣುವ ಖಾಲಿ ಜಾಗವಾಗಿತ್ತು.

ನೀವು "ಎಲ್ಲರಿಗೂ ಗೊತ್ತಿರುವ ವಿಷಯವನ್ನು ಮುಚ್ಚಿಟ್ಟರೆ ಪಕ್ಷಪಾತ ಎನ್ನುತ್ತಾರೆ" ಎಂದಿದ್ದೀರಿ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ 1965ರಲ್ಲಿ ಬ್ಯೂನಸ್ ಐರಿಸ್‌ನ ಬರ್ಮುಡಾ ಬೌಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಬ್ರಿಟನ್ನಿನ ಟೆರೆನ್ಸ್ ರೀಸ್ ಮತ್ತು ಬೋರಿಸ್ ಶಪೀರೋ ಬೆರಳುಗಳ ಮೂಲಕ ಹಾರ್ಟ್ ಎಲೆಗಳ ಸಂಖ್ಯೆಯನ್ನು ತಿಳಿಸುತ್ತಿದ್ದರೆಂಬ ಆರೋಪ ಬಂತು. ವಿಶ್ವ ಬ್ರಿಜ್ ಒಕ್ಕೂಟ ಅವರನ್ನು ತಪ್ಪಿತಸ್ಥರೆಂದಿತು, ಬ್ರಿಟನ್ನಿನಲ್ಲಿ ನಡೆದ ಪ್ರತ್ಯೇಕ ವಿಚಾರಣೆ 1966ರಲ್ಲಿ ಆರೋಪ ಸಾಬೀತಾಗಿಲ್ಲವೆಂದಿತು. ಹಲವರು ಮೇಜಿನ ಬಳಿಯೇ ಕುಳಿತು ಗಮನಿಸಿದ್ದ, ತಿಂಗಳುಗಟ್ಟಲೆ ವಿಚಾರಣೆ ನಡೆದ ಪ್ರಕರಣವೇ ದಶಕಗಳ ಕಾಲ ಬ್ರಿಜ್ ಲೋಕವನ್ನು ಎರಡಾಗಿಸಿತು. ಹೊರಬಾಗಿಲ ಬಳಿ ಒಬ್ಬರಿಂದ ಕೇಳಿದ ಮಾತನ್ನು ನಂಬಿ ನಾನು ಅಂಥದೇ ಬಿರುಕನ್ನು ಅರುವತ್ತು ಜನರ ವಲಯದಲ್ಲಿ ಹುಟ್ಟುಹಾಕಿದೆ. ನಿಜವಾದ ಮೋಸದ ಅನುಮಾನ ನಿಮಗಿದ್ದರೆ ಅದನ್ನು ಲಿಖಿತವಾಗಿ ಸಂಘದ ಶಿಸ್ತು ಸಮಿತಿಗೆ ಕೊಡಿ. ವಾರ್ತಾಪತ್ರ ಅದರ ಜಾಗವಲ್ಲ, ಹೆಸರು ಹಾಕದೆ ಬರೆದರೂ ಅಲ್ಲ. ಸಣ್ಣ ವಲಯದಲ್ಲಿ "ಒಂದು ಹಿರಿಯ ಜೋಡಿ" ಎಂದು ಬರೆದರೆ ಎಲ್ಲರಿಗೂ ಯಾರೆಂದು ತಿಳಿಯುತ್ತದೆ, ಅವರಿಗೆ ಉತ್ತರ ಕೊಡುವ ಅವಕಾಶವೂ ತಪ್ಪುತ್ತದೆ.

ಆದ್ದರಿಂದ ಹೆಸರು ಹಾಕಬೇಕೇ ಬೇಡವೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತೀರ್ಪು ಬದಲಾದದ್ದು ಸುದ್ದಿ ಎಂದು ನೀವು ಮೊದಲೇ ನಿರ್ಧರಿಸಿಬಿಟ್ಟಿದ್ದೀರಿ. ಅದು ಸುದ್ದಿಯಲ್ಲ, ಅಂಕಪಟ್ಟಿಯ ತಿದ್ದುಪಡಿ. ಪ್ರತಿ ಸ್ಪರ್ಧೆಯಲ್ಲೂ ಡೈರೆಕ್ಟರನ್ನು ಹಲವು ಸಲ ಕರೆಯುತ್ತಾರೆ. ಸರದಿ ತಪ್ಪಿ ಇಳಿಸಿದ ಮೊದಲ ಎಲೆಗೆ, ಬಣ್ಣವಿದ್ದೂ ಬೇರೆ ಎಲೆ ಹಾಕಿದ್ದಕ್ಕೆ, ತಪ್ಪಾಗಿ ಬರೆದ ಅಂಕಕ್ಕೆ. ಅವನ್ನೆಲ್ಲ ನೀವು ವರದಿ ಮಾಡುವುದಿಲ್ಲ. ಇದನ್ನು ಮಾತ್ರ ಮಾಡಬೇಕೆನ್ನಿಸುವುದು ಇದರಲ್ಲಿ ಒಬ್ಬರ ಮರ್ಯಾದೆಯ ಪ್ರಶ್ನೆ ಇದೆ ಎಂಬುದಕ್ಕೆ. ಬರೆಯದಿರಲು ನನಗೆ ಅದೇ ಸಾಕಾದ ಕಾರಣವಾಗಿ ಕಾಣುತ್ತದೆ.

ಅದಿಲ್ಲದಿದ್ದರೆ ವಾರ್ತಾಪತ್ರ ಯಾರು ಓದುತ್ತಾರೆ ಎಂದೂ ಕೇಳಿದ್ದೀರಿ. ತಮ್ಮ ಕೈಯನ್ನು ಅಚ್ಚಿನಲ್ಲಿ ನೋಡಲು ಎಲ್ಲರೂ ಓದುತ್ತಾರೆ. ಒಬ್ಬ ಆಟಗಾರನಿಗೆ ಬರಬಹುದಾದ ಹದಿಮೂರು ಎಲೆಗಳ ಕೈಗಳೇ 63,501 ಕೋಟಿಗೂ ಹೆಚ್ಚು. ಬರೆಯಲು ವಿಷಯದ ಕೊರತೆ ಎಂಬುದು ಈ ಆಟದಲ್ಲಿ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ದಿನವೂ ಹೊರಬರುವ ಬುಲೆಟಿನ್‌ಗಳನ್ನು ನೋಡಿ, ಪುಟಪುಟವೂ ಕೈಗಳ ವಿವರವೇ. ಕೆಳಗಿನ ಮೇಜಿನ ಹೊಸಬರೊಬ್ಬರು ಮೊದಲ ಸಲ ಎಂಡ್‌ಪ್ಲೇ (ಎದುರಾಳಿ ಯಾವ ಎಲೆ ಇಳಿಸಿದರೂ ತಮಗೇ ಲಾಭವಾಗುವಂತೆ ಅವರ ಕೈಗೆ ಆಟ ಬಿಡುವ ತಂತ್ರ) ಮಾಡಿದ್ದನ್ನು ನಾಲ್ಕೂ ಕೈಗಳೊಂದಿಗೆ ಬರೆಯಿರಿ, ಅವರು ಆ ಸಂಚಿಕೆಯನ್ನು ವರ್ಷಗಳ ಕಾಲ ಇಟ್ಟುಕೊಳ್ಳುತ್ತಾರೆ. ಜೊತೆಗಾರರು ಸಿಗದೆ ಮನೆಯಲ್ಲಿ ಕುಳಿತವರ ಹೆಸರು ಬೇಕಾದರೆ ಹಾಕಿ, ಅದು ಉಪಯೋಗಕ್ಕೆ ಬರುವ ಸುದ್ದಿ. ತೀರಿಕೊಂಡ ಆಟಗಾರರ ಬಗ್ಗೆ ಬರೆಯುವಾಗ ಅವರು ಆಡಿದ ಒಂದು ಒಳ್ಳೆಯ ಕೈಯನ್ನು ಹುಡುಕಿ ಸೇರಿಸಿ. ನಾನು ಎರಡು ವರ್ಷ ಇದನ್ನಷ್ಟೇ ಮಾಡಿದೆ. ಪ್ರತಿ ಕೈಯನ್ನೂ ಮೇಜಿನಲ್ಲಿದ್ದ ನಾಲ್ವರಿಗೂ ತೋರಿಸಿದ ಮೇಲೆಯೇ ಅಚ್ಚಿಗೆ ಕಳುಹಿಸುತ್ತಿದ್ದೆ. ನಾಲ್ವರೂ ನಾಲ್ಕು ರೀತಿ ನೆನಪಿಟ್ಟುಕೊಂಡಿರುತ್ತಿದ್ದರು. ಆ ವ್ಯತ್ಯಾಸಗಳನ್ನು ಕೇಳುತ್ತ ಕೇಳುತ್ತ ನನ್ನ ಆಟವೂ ಸುಧಾರಿಸಿತು.

ತಿದ್ದುಪಡಿಯ ವಿಷಯದಲ್ಲಿ ನಾನು ಬಹಳ ಕಠಿಣ. ತಪ್ಪು ಮೊದಲ ಪುಟದಲ್ಲಿ ಬಂದಿದ್ದರೆ ತಿದ್ದುಪಡಿಯೂ ಮೊದಲ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ನಿಮ್ಮ ಹೆಸರಿನೊಂದಿಗೆ ಬರಬೇಕು. ನಾನು ಹಾಕಿದ ಆ ಎರಡು ಸಾಲು ಇಂದಿಗೂ ನನ್ನನ್ನು ಚುಚ್ಚುತ್ತವೆ.

ನಿಮ್ಮ ವರದಿ ಇನ್ನೂ ನಿಮ್ಮ ಕೈಯಲ್ಲೇ ಇದೆ ಎಂದುಕೊಳ್ಳುತ್ತೇನೆ. ಇಂದೇ ಆ ಜೋಡಿಗೆ ಫೋನ್ ಮಾಡಿ, ಆ ಬಿಡ್ಡಿಂಗ್ ಹೇಗೆ ನಡೆಯಿತು ಎಂದು ಅವರ ಬಾಯಿಂದ ಕೇಳಿ. ಅದಕ್ಕೆ ಮುಂಚಿನ ಬಿಡ್ ಜಿಗಿತವಾಗಿತ್ತೇ, ಸ್ಟಾಪ್ ಕಾರ್ಡ್ ಮೇಜಿನ ಮೇಲಿತ್ತೇ, ಅದನ್ನು ಯಾರು ಯಾವಾಗ ತೆಗೆದರು ಎಂಬುದನ್ನೂ ಮರೆಯದೆ ಕೇಳಿ.