ಓದುಗರ ಪ್ರಶ್ನೆ: ಸೋಲುತ್ತಿದ್ದ ಕೋಚ್‌ನನ್ನು ಯಾಕೆ ಇಟ್ಟುಕೊಂಡರು?

ಪ್ರಶ್ನೆ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡುವ ಹುಚ್ಚು ಈಚೆಗೆ ಹತ್ತಿದೆ. ಡ್ಯೂಕ್ ವಿಶ್ವವಿದ್ಯಾಲಯದ ‘ಕೋಚ್ ಕೆ’ ಮೊದಮೊದಲು ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿಯಂತೆ. ಮತ್ತೆ ಕೆಲಸದಿಂದ ಯಾಕೆ ತೆಗೆಯಲಿಲ್ಲ? ಈಗಲೂ ಹಾಗೆ ಕಾಯುತ್ತಾರಾ?

ಉತ್ತರ: ತೆಗೆಯಿರಿ ಅಂತ ಕೂಗಿದವರೇನೂ ಕಡಿಮೆ ಇರಲಿಲ್ಲ. ಕೋಚ್ ಕೆ, ಅಂದರೆ ಮೈಕ್ ಶಶೆಫ್ಸ್ಕಿ, 1980ರಲ್ಲಿ ಆರ್ಮಿ (ಅಮೆರಿಕದ ಸೇನಾ ಅಕಾಡೆಮಿಯ) ತಂಡ ಬಿಟ್ಟು ಡ್ಯೂಕ್‌ಗೆ ಬಂದರು. ಆರ್ಮಿಯಲ್ಲಿ ಅವರ ಕೊನೆಯ ಸೀಸನ್ನೇ 9 ಗೆಲುವು, 17 ಸೋಲು! ಡ್ಯೂಕ್‌ನಲ್ಲಿ ಮೊದಲ ಮೂರು ಸೀಸನ್ ಸೇರಿಸಿದರೆ 38 ಗೆಲುವು, 47 ಸೋಲು. ಮೂರನೆಯದು ಮುಗಿದಿದ್ದಂತೂ ವರ್ಜೀನಿಯಾ ಕೈಯಲ್ಲಿ 109-66ರ ಏಟು ತಿಂದು. ತಂಡಕ್ಕೆ ದುಡ್ಡು ಕೊಡುವ ದೊಡ್ಡ ಮನುಷ್ಯರು ಸಿಟ್ಟಾಗಿದ್ದರು. ಆದರೆ ಕ್ರೀಡಾ ವಿಭಾಗದ ಮುಖ್ಯಸ್ಥ ಟಾಮ್ ಬಟರ್ಸ್ 1984ರ ಜನವರಿಯಲ್ಲಿ, ತೆಗೆಯುವುದಿರಲಿ, ಅವರ ಒಪ್ಪಂದವನ್ನೇ ಮುಂದುವರಿಸಿಬಿಟ್ಟರು.

ಸುಮ್ನೆ ಹಟಕ್ಕೆ ಮಾಡಿದ್ದಲ್ಲ ಅದು. ಆ 43 ಪಾಯಿಂಟಿನ ಸೋಲಲ್ಲಿ ಆಡಿದವರು ಯಾರು ನೋಡಿ. ಜಾನಿ ಡಾಕಿನ್ಸ್, ಮಾರ್ಕ್ ಅಲಾರಿ, ಜೇ ಬಿಲಸ್ ಎಲ್ಲ ಆಗಿನ್ನೂ ಮೊದಲ ವರ್ಷದ ಹುಡುಗರು. ಕಾಲೇಜು ಕೋಚ್ ಅರ್ಧ ಆಯುಷ್ಯ ಕಳೆಯುವುದು ಅಂಕಣದಲ್ಲಲ್ಲ, ಹೈಸ್ಕೂಲ್ ಹುಡುಗರ ಮನೆಗಳಲ್ಲಿ ಕೂತು, ನಿಮ್ಮ ಮಗನನ್ನು ನನ್ನ ಹತ್ತಿರ ಕಳಿಸಿ ಅಂತ ಅಪ್ಪ ಅಮ್ಮನನ್ನು ಒಪ್ಪಿಸುವುದರಲ್ಲಿ. ಹಾಗೆ ಕರೆತಂದ ಹುಡುಗ ಬಲಿಯುವುದಕ್ಕೆ ಮೂರು ನಾಲ್ಕು ವರ್ಷ ಬೇಕು, ಅಲ್ವಾ? ಅದೇ ಹುಡುಗರು ಕೊನೆಯ ವರ್ಷಕ್ಕೆ ಬಂದಾಗ, ಅಂದರೆ 1986ರಲ್ಲಿ, 37 ಪಂದ್ಯ ಗೆದ್ದು ರಾಷ್ಟ್ರೀಯ ಟೂರ್ನಿಯ ಫೈನಲ್ ಮುಟ್ಟಿದರು. ಫೈನಲ್ ಸೋತರು, ಆ ಮಾತು ಬೇರೆ. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದಿದ್ದು 1991ರಲ್ಲಿ. 2022ರಲ್ಲಿ ನಿವೃತ್ತರಾಗುವಾಗ ಐದು ಪ್ರಶಸ್ತಿ, ಒಟ್ಟು 1,202 ಗೆಲುವು.

ಇವರೊಬ್ಬರದೇ ಕಥೆ ಅಂದುಕೊಳ್ಳಬೇಡಿ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎಗೆ 10 ಪ್ರಶಸ್ತಿ ತಂದ ಜಾನ್ ವುಡನ್ ಅಲ್ಲಿಗೆ ಬಂದಿದ್ದು 1948ರಲ್ಲಿ, ಮೊದಲನೆಯದು ಗೆದ್ದಿದ್ದು 1964ರಲ್ಲಿ. ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಪ್ಯಾಟ್ ಸಮಿಟ್ 1974ರಲ್ಲಿ, 22ನೇ ವಯಸ್ಸಿಗೆ ಕೋಚ್ ಆದರು. ತಿಂಗಳಿಗೆ 250 ಡಾಲರ್ ಸಂಬಳ, ತಂಡದ ವ್ಯಾನ್ ಓಡಿಸುವುದೂ ಅವರೇ, ಜೆರ್ಸಿ ಒಗೆಯುವುದೂ ಅವರೇ. ಮೊದಲ ಪ್ರಶಸ್ತಿಗೆ 1987ರ ತನಕ ಕಾದರು.

ಈಗ ಕಾಯುತ್ತಾರಾ ಅಂದಿರಿ. ಕಷ್ಟ. ಮೊದಲು ಕಾಲೇಜು ಬದಲಿಸಿದ ಹುಡುಗ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಆ ನಿಯಮ ಸಡಿಲವಾಯಿತು, ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತಿನ ದುಡ್ಡು ಮಾಡುವುದಕ್ಕೂ ದಾರಿಯಾಯಿತು. ಅಲ್ಲಿಂದ ಪ್ರತಿ ಸೀಸನ್ ಮುಗಿದ ಮೇಲೆ ಕೋಚ್ ತನ್ನದೇ ಹುಡುಗರನ್ನು ಮತ್ತೆ ಒಲಿಸಿಕೊಳ್ಳಬೇಕು. ಸೋತು ಸುಣ್ಣವಾದ ಮೊದಲ ವರ್ಷದ ಹುಡುಗರು ಇವತ್ತು ಅಲ್ಲೇ ಉಳಿಯುತ್ತಿದ್ದರಾ? ನನಗೇನೋ ಅನುಮಾನ.

ಪ್ರಶ್ನೆ: ಒಳ್ಳೆಯ ಕೋಚ್ ಆಗಲು ದೊಡ್ಡ ಆಟಗಾರನಾಗಿರಲೇಬೇಕಾ?

ಉತ್ತರ: ಇಲ್ಲ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕೋಚ್ ಆಗಿ 879 ಪಂದ್ಯ ಗೆದ್ದ ಡೀನ್ ಸ್ಮಿತ್, 1952ರಲ್ಲಿ ಪ್ರಶಸ್ತಿ ಗೆದ್ದ ಕ್ಯಾನ್ಸಾಸ್ ತಂಡದಲ್ಲಿ ಬೆಂಚಿನ ಹುಡುಗ. ಇನ್ನು ಆಟ ಬಲ್ಲವರೆಲ್ಲ ಕೋಚ್ ಆಗಿ ಗೆಲ್ಲುತ್ತಾರೆ ಅಂತಲೂ ಇಲ್ಲ. ಈ ಆಟವನ್ನೇ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅದೇ ಕ್ಯಾನ್ಸಾಸ್‌ನ ಮೊದಲ ಕೋಚ್. ಅಲ್ಲಿ ಅವರ ಲೆಕ್ಕ 55 ಗೆಲುವು, 60 ಸೋಲು!